ಲೋಹವನ್ನು ಕೊಯ್ಯುವ ಅಲಗು: ಒಂದು ಐತಿಹಾಸಿಕ ವಿವೇಚನೆ

ಕೈಗಾರಿಕಾ ಕ್ರಾಂತಿಯ ಚರಿತ್ರೆಯನ್ನು ಬೋಧಿಸುವಾಗ ನಾವು ಉಗಿಯಂತ್ರ, ನೂಲುವ ಯಂತ್ರ, ರೈಲುದಾರಿಗಳ ವಿಷಯವನ್ನು ವಿಸ್ತಾರವಾಗಿ ಹೇಳುತ್ತೇವೆ. ಆ ಯಂತ್ರಗಳ ಭಾಗಗಳನ್ನು ಕತ್ತರಿಸಿದ ಅಲಗು ಯಾವುದರಿಂದ ಆಗಿದ್ದಿತೆಂಬ ಪ್ರಶ್ನೆಯನ್ನು ವಿದ್ಯಾರ್ಥಿಯು ಕೇಳುವುದಿಲ್ಲ, ಅಧ್ಯಾಪಕನೂ ಎತ್ತುವುದಿಲ್ಲ. ಈ ಲೇಖಕನಿಗೆ ಆ ಪ್ರಶ್ನೆ ಎದುರಾದುದು ಗ್ರಂಥಾಲಯದಲ್ಲಲ್ಲ, ಮನೆಯ ಹಿತ್ತಿಲ ಕೊಠಡಿಯಲ್ಲಿ. ತೆಳುವಾದ ಹಿತ್ತಾಳೆಯ ಕೊಳವೆಯೊಂದನ್ನು ಹ್ಯಾಕ್‌ಸಾದಿಂದ ಕೊಯ್ಯಹೋದಾಗ ನಾಲ್ಕಾರು ಎಳೆತಗಳಲ್ಲಿಯೇ ಅಲಗಿನ ಹಲ್ಲುಗಳು ಸಾಲಾಗಿ ಉದುರಿದುವು. ಅಲಗು ಕೆಟ್ಟದ್ದಾಗಿರಲಿಲ್ಲ, ಅದನ್ನು ಆರಿಸಿದವನಿಗೆ ತಿಳಿವಳಿಕೆ ಸಾಲದಾಗಿದ್ದಿತು.

ಕಮ್ಮಟದವರು ಇಂತಹ ಆಯ್ಕೆಗೆ ಒಂದು ಸೂತ್ರವನ್ನು ಇಟ್ಟುಕೊಂಡಿದ್ದಾರೆ. ಕೊಯ್ಯುವ ಲೋಹದ ದಪ್ಪದಲ್ಲಿ ಯಾವಾಗಲೂ ಕಡಮೆಯೆಂದರೆ ಮೂರು ಹಲ್ಲುಗಳಾದರೂ ಕೂತಿರಬೇಕು. ಅಂಗುಲಕ್ಕೆ 18 ಹಲ್ಲುಗಳಿರುವ ಅಲಗಿನಲ್ಲಿ ಮೂರು ಹಲ್ಲುಗಳು ಸುಮಾರು 4.2 ಮಿಲಿಮೀಟರಿನ ಜಾಗವನ್ನು ಆಕ್ರಮಿಸುತ್ತವೆ. 32 ಹಲ್ಲುಗಳದ್ದಾದರೆ 2.4 ಮಿಲಿಮೀಟರು ಸಾಕು. ಕೊಳವೆಯ ಗೋಡೆ ಎರಡು ಹಲ್ಲುಗಳ ನಡುವಣ ಸಂದಿಗಿಂತ ತೆಳುವಾಗಿದ್ದರೆ ಅದು ಆ ಸಂದಿಗೆ ಬಿದ್ದು, ಮುಂದಿನ ಎಳೆತದ ಭಾರವೆಲ್ಲವೂ ಒಂದೇ ಹಲ್ಲಿನ ಮೇಲೆ ಬೀಳುತ್ತದೆ. ದಪ್ಪನೆಯ ಅಲ್ಯೂಮಿನಿಯಮಿನಂತಹ ಮೃದು ಲೋಹಕ್ಕೆ ಇದಕ್ಕೆ ವಿರುದ್ಧವಾದ ಕ್ರಮ. ಅಲ್ಲಿ ಸಣ್ಣ ಹಲ್ಲುಗಳ ಸಂದಿಯಲ್ಲಿ ಪುಡಿ ತುಂಬಿ ಅಲಗು ಜಾರತೊಡಗುವುದರಿಂದ 14 ಹಲ್ಲುಗಳದ್ದು ಯೋಗ್ಯ. ಸಾಮಾನ್ಯ ಕೆಲಸಗಳಿಗೆ 18 ಅಥವಾ 24.

ಹಲ್ಲಿನ ಎಣಿಕೆ ಹೀಗೆ ಸುಲಭವಾಗಿ ತೀರುವ ಮಾತು. ಹಲ್ಲು ಯಾವುದರಿಂದ ಆಗಿರಬೇಕೆಂಬುದು ಮಾತ್ರ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯುಳ್ಳದ್ದು. ಕೊಯ್ಯುವ ವಸ್ತು ಕೊಯ್ಯಿಸಿಕೊಳ್ಳುವ ವಸ್ತುವಿಗಿಂತ ಗಡುಸಾಗಿರಬೇಕು. ಆದರೆ ಉಕ್ಕನ್ನು ಗಡುಸು ಮಾಡಿದಷ್ಟೂ ಅದು ಪೆಡಸಾಗಿ ಗಾಜಿನಂತೆ ಮುರಿಯುತ್ತದೆ. ಉಳಿ, ಅರಗಳಲ್ಲಿ ಈ ವಿರೋಧ ಅಷ್ಟಾಗಿ ಬಾಧಿಸದು. ಅವು ದಪ್ಪನಾದ ಉಪಕರಣಗಳು. ಅಲಗಾದರೋ ತೆಳುವಾಗಿರಬೇಕು, ಬಾಗಬೇಕು, ಆದರೂ ಅದರ ಅಂಚು ಕಬ್ಬಿಣವನ್ನು ಕೆರೆಯಬೇಕು. ಲೋಹಗಾರರು ಬಹುಕಾಲ ಉಳಿಯಿಂದ ಕಡಿದು ಅರದಿಂದ ಉಜ್ಜುವುದನ್ನೇ ನೆಚ್ಚಿಕೊಂಡಿದ್ದುದಕ್ಕೆ ಇದೊಂದು ಮುಖ್ಯ ಕಾರಣವೆಂದು ತೋರುತ್ತದೆ.

ತೆಳು ಅಲಗಿಗೆ ಬೇಕಾದುದು ಉದ್ದಕ್ಕೂ ಒಂದೇ ಹದವುಳ್ಳ ಉಕ್ಕು. ಕಬ್ಬಿಣದ ಪಟ್ಟಿಗಳನ್ನು ಇದ್ದಲಿನಲ್ಲಿ ಹೂತು ಕಾಸಿ ಪಡೆಯುತ್ತಿದ್ದ ಉಕ್ಕಿನಲ್ಲಿ ಹೊರಮೈಗೊಂದು ಗುಣ, ಒಳಗೊಂದು ಗುಣ. ಇಂಗ್ಲೆಂಡಿನ ಗಡಿಯಾರ ತಯಾರಕನಾದ ಬೆಂಜಮಿನ್ ಹಂಟ್ಸ್‌ಮನ್ನನು ತನ್ನ ಗಡಿಯಾರದ ಸುರುಳಿಗಳಿಗೆ ಇದು ಒಗ್ಗದೆಂದು ಕಂಡು, 1740ರ ಸುಮಾರಿನಲ್ಲಿ ಷೆಫೀಲ್ಡಿನ ಬಳಿ ಉಕ್ಕನ್ನು ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವ ಕ್ರಮವನ್ನು ಸಾಧಿಸಿದನು. ಮುಂದೆ ಷೆಫೀಲ್ಡಿನ ಗರಗಸಗಳಿಗೆ ಬಂದ ಕೀರ್ತಿಗೆ ಈ ಮೂಸೆಯುಕ್ಕು ಆಧಾರವಾಯಿತು.

ಮೂಸೆಯುಕ್ಕೆಂದೊಡನೆ ಕನ್ನಡ ವಿದ್ಯಾರ್ಥಿಗೆ ತನ್ನ ನಾಡಿನ ನೆನಪು ಬರುವುದು ಸಹಜ. ಹಂಟ್ಸ್‌ಮನ್ನನಿಗೆ ಅನೇಕ ಶತಮಾನಗಳ ಮುಂಚೆಯೇ ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಉಕ್ಕನ್ನು ಸಿದ್ಧಗೊಳಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಆ ಕುಲುಮೆಗಳನ್ನು ಕಣ್ಣಾರೆ ಕಂಡು, ಕಬ್ಬಿಣದ ತುಂಡಿನೊಡನೆ ತಂಗಡಿ ಕಟ್ಟಿಗೆಯ ಚೂರನ್ನೂ ಹಸಿರೆಲೆಗಳನ್ನೂ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಕಾಸುವ ಕ್ರಮವನ್ನು ಬರೆದಿಟ್ಟನು. ಯುರೋಪಿನವರು ಈ ಉಕ್ಕನ್ನು ‘ವೂಟ್ಸ್’ ಎಂದು ಕರೆದರು. ಇದು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂಬುದು ಬಹುಮಂದಿ ವಿದ್ವಾಂಸರು ಒಪ್ಪುವ ಮತ. ಬೊಂಬಾಯಿಯಿಂದ ಬಂದ ಮಾದರಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ನನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದನು. 1805ರಲ್ಲಿ ಡೇವಿಡ್ ಮಷೆಟ್ಟನು ಅದೇ ವಿಷಯವನ್ನೆತ್ತಿಕೊಂಡನು. 1819ರಿಂದ ಮುಂದೆ ಮೈಕೇಲ್ ಫ್ಯಾರಡೇ ಚಾಕು ಕತ್ತರಿಗಳ ಕುಶಲಿಯಾದ ಸ್ಟೊಡಾರ್ಟನೊಡನೆ ಸೇರಿ, ವೂಟ್ಸನ್ನು ಹೋಲುವ ಉಕ್ಕಿಗಾಗಿ ಬೆಳ್ಳಿ, ಪ್ಲಾಟಿನಮ್, ಕ್ರೋಮಿಯಮ್ ಮೊದಲಾದುವನ್ನು ಉಕ್ಕಿಗೆ ಬೆರೆಸಿ ನೋಡಿದನು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮಿಶ್ರ ಉಕ್ಕಿನ ಇಂದಿನ ಅಲಗು ನಮ್ಮ ಉಕ್ಕಿನ ನೇರ ಸಂತಾನವೆಂದು ವೇದಿಕೆಗಳ ಮೇಲೆ ಹೇಳುವುದುಂಟು. ವಿಚಿತ್ರವೆಂದರೆ, ಆ ಮಾತಿಗೆ ಹಿಡಿಯಾಗುವ ವಂಶವೃಕ್ಷವೂ ಇದೆ. ವೂಟ್ಸನ್ನು ಪರೀಕ್ಷಿಸಿದ ಡೇವಿಡ್ ಮಷೆಟ್ಟನ ಮಗನೇ ರಾಬರ್ಟ್ ಮಷೆಟ್. 1868ರಲ್ಲಿ ಟಂಗ್‌ಸ್ಟನ್ ಬೆರೆಸಿ, ನೀರಿನಲ್ಲಿ ಅದ್ದದೆ ಗಾಳಿಯಲ್ಲಿಯೇ ಗಡುಸಾಗುವ ಉಕ್ಕನ್ನು ತಯಾರಿಸಿದವನು ಅವನೇ. ಆದರೆ ತಂದೆಯ ಲೇಖನದಿಂದ ಮಗನ ಮೂಸೆಗೆ ಸೇತುವೆ ಕಟ್ಟಬಲ್ಲ ಸಾಕ್ಷ್ಯ ಬೇಕಲ್ಲವೆ? ವೂಟ್ಸಿನ ಗುಣಕ್ಕೆ ಕಾರಣ ಹೆಚ್ಚಿನ ಇಂಗಾಲ. ಮಷೆಟ್ಟನ ಉಕ್ಕಿನ ಗುಣಕ್ಕೆ ಕಾರಣ ಟಂಗ್‌ಸ್ಟನ್. ವೂಟ್ಸ್ ಯುರೋಪಿನ ಪ್ರಯೋಗಶೀಲರ ಕುತೂಹಲವನ್ನು ಕೆರಳಿಸಿತೆಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ಅದು ಸಣ್ಣ ಗೌರವವೇನೂ ಅಲ್ಲ. ಅದಕ್ಕೆ ಮಿಗಿಲಾದುದನ್ನು ಸೇರಿಸಿದರೆ ಉಳಿದುದರ ಮೇಲಣ ವಿಶ್ವಾಸವೂ ಹೋಗುತ್ತದೆ.

ನಿರ್ಣಾಯಕವಾದ ಹೆಜ್ಜೆ ಅಮೆರಿಕದಲ್ಲಿ ನಡೆಯಿತು. 1898ರಿಂದ 1900ರ ವರೆಗೆ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಟೇಲರ್ ಮತ್ತು ವೈಟ್ ಎಂಬುವರು ಇಂತಹ ಮಿಶ್ರ ಉಕ್ಕನ್ನು ಕರಗುವ ಮಟ್ಟದ ಸಮೀಪಕ್ಕೆ ಕಾಸಿದರು. ಅಷ್ಟು ಕಾಸಿದರೆ ಉಪಕರಣ ಹಾಳಾಗುವುದೆಂಬುದು ಅಂದಿನ ಕಮ್ಮಾರರೆಲ್ಲರ ನಂಬಿಕೆ. ಆದರೆ ಹಾಗೆ ಸಿದ್ಧವಾದ ಉಕ್ಕು ಕೆಂಪಗೆ ಕಾದಾಗಲೂ ಮೊನೆಗೆಡಲಿಲ್ಲ. ಸಾಮಾನ್ಯ ಇಂಗಾಲದ ಉಕ್ಕು 250 ಡಿಗ್ರಿ ಸೆಲ್ಸಿಯಸ್ ದಾಟುವುದರೊಳಗಾಗಿ ಹದಗೆಡತೊಡಗುತ್ತದೆ. ಇದು ಸುಮಾರು 600 ಡಿಗ್ರಿಯವರೆಗೆ ತಡೆಯುತ್ತದೆ. ‘ಹೈಸ್ಪೀಡ್’ ಉಕ್ಕು ಎಂಬ ಹೆಸರು ಬಂದುದು ಇದರಿಂದ. ಶೇಕಡಾ 18 ಟಂಗ್‌ಸ್ಟನ್, 4 ಕ್ರೋಮಿಯಮ್, 1 ವನೇಡಿಯಮ್ ಇರುವ ಮಿಶ್ರಣ ಮುಂದೆ ಬಹುಕಾಲ ಪ್ರಮಾಣವಾಗಿ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಟಂಗ್‌ಸ್ಟನ್ನಿನ ಅಭಾವ ಉಂಟಾದಾಗ ಮಾಲಿಬ್ಡಿನಮ್ ಅದರ ಸ್ಥಾನದ ಬಹುಪಾಲನ್ನು ಹಿಡಿಯಿತು.

ಮನೆಯ ಕಮ್ಮಟಕ್ಕೂ ಪ್ರತ್ಯೇಕವಾದ ಒಂದು ಚರಿತ್ರೆಯಿದೆ. 1840ರ ದಶಕದಲ್ಲಿ ಲಂಡನ್ನಿನ ಹೋಲ್ಟ್‌ಜಾಫೆಲನು ಕಡೆತ ಮತ್ತು ಯಂತ್ರಕೌಶಲವನ್ನು ಕುರಿತ ತನ್ನ ಬೃಹದ್‌ಗ್ರಂಥವನ್ನು ಬರೆದಾಗ ಅಂತಹ ಹವ್ಯಾಸ ಸಿರಿವಂತರಿಗೆ ಮೀಸಲಾಗಿದ್ದಿತು. 1898ರಲ್ಲಿ ಪರ್ಸಿವಲ್ ಮಾರ್ಷಲನು ‘ಮಾಡೆಲ್ ಎಂಜಿನಿಯರ್’ ಪತ್ರಿಕೆಯನ್ನು ಹೊರಡಿಸುವ ವೇಳೆಗೆ ಮಧ್ಯಮ ವರ್ಗದವರ ಮನೆಗಳಲ್ಲಿಯೂ ಹಿಡಿಗುಟ್ಟ ಬಂದು ಕೂತಿದ್ದಿತು. ಹೈಸ್ಪೀಡ್ ಉಕ್ಕು ಹುಟ್ಟಿದ್ದು ದೊಡ್ಡ ಯಂತ್ರದ ವೇಗಕ್ಕಾಗಿ. ನಿಮಿಷಕ್ಕೆ ನಲವತ್ತು ಐವತ್ತು ಬಾರಿ ಕೈಯಿಂದ ತಳ್ಳುವವನಿಗೆ ಆ ವೇಗ ಬೇಕಿಲ್ಲ. ಅವನಿಗೆ ದೊರಕುವ ಲಾಭ ಬೇರೆ: ಹಲ್ಲು ಬೇಗ ಸವೆಯುವುದಿಲ್ಲ. ಆದರೆ ಇಡಿಯಾಗಿ ಗಡುಸಾದ ಅಲಗು ಕೈ ತುಸು ವಾಲಿದರೂ ಮುರಿಯುತ್ತದೆ. ಹಳೆಯ ವಿರೋಧ ಇಲ್ಲಿಯೂ ಬಿಡಲಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುರುಳಿಯುಕ್ಕಿನ ಬೆನ್ನಿಗೆ ಹೈಸ್ಪೀಡ್ ಉಕ್ಕಿನ ಅಂಚನ್ನು ಬೆಸೆದ ಜೋಡಿ ಅಲಗು ಬಂದಮೇಲೆ ಅದು ಬಹುಮಟ್ಟಿಗೆ ಶಮನವಾಯಿತು. ಬೆಲೆ ಹೆಚ್ಚು, ಕೈ ಪಳಗದವನಿಗೆ ಅದೇ ಅಗ್ಗವಾಗಿ ಪರಿಣಮಿಸುತ್ತದೆಂಬುದು ಈ ಲೇಖಕನ ಅನುಭವ.

1954ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಕೈಹಿಡಿಯ ಗ್ರೈಂಡರು ಈಗ ಊರೂರಿನ ವೆಲ್ಡಿಂಗ್ ಅಂಗಡಿಗಳಲ್ಲಿ ಕಿಡಿ ಚೆಲ್ಲುತ್ತಿದೆ. ಅದರ ಬಿಲ್ಲೆಗೆ ಎಣಿಸತಕ್ಕ ಹಲ್ಲುಗಳಿಲ್ಲ; ಅಂಟಿನಲ್ಲಿ ಹಿಡಿದಿಟ್ಟ ಹರಳುಗಳೇ ಲೋಹವನ್ನು ಉಜ್ಜಿ ಸೀಳುತ್ತವೆ. ಗಡುಸಾದ ಉಕ್ಕಿಗೂ ಅದು ಅಂಜುವುದಿಲ್ಲ. ಆದರೆ ಹದಗೊಳಿಸಿದ ಉಕ್ಕಿನ ತುಂಡನ್ನು ಅದರಿಂದ ಕತ್ತರಿಸಿದರೆ ಅಂಚು ನೀಲಿಗಟ್ಟುತ್ತದೆ. ಅಲ್ಲಿ ಹದ ಹೋಯಿತೆಂದೇ ಅರ್ಥ. ಅಂತಹ ಅಂಚನ್ನು ಮತ್ತೆ ಕಾಸಿ ಹದಗೊಳಿಸಬೇಕು, ಇಲ್ಲವೆ ನೀಲಿಯಿರುವಷ್ಟು ಭಾಗವನ್ನು ನೀರು ಹನಿಸುತ್ತ ನಿಧಾನವಾಗಿ ಸಾಣೆ ಹಿಡಿದು ತೆಗೆಯಬೇಕು.