ಕುರೇನ್ಯನ ಖಾನೇಷುಮಾರಿ: ಸುವಾರ್ತೆಗಳ ಐತಿಹಾಸಿಕತೆಯನ್ನು ಅಳೆಯುವ ಬಗೆ

1. ಪ್ರಸ್ತಾವನೆ

ಕ್ರೈಸ್ತರ ನಾಲ್ಕು ಸುವಾರ್ತೆಗಳು ಚರಿತ್ರೆ ಹೌದೋ ಅಲ್ಲವೋ ಎಂದು ಕೇಳಿದಾಗ ಬರುವ ಉತ್ತರಗಳು ಬಹುಮಟ್ಟಿಗೆ ಇಡಿಯಾಗಿ ಒಪ್ಪುವ ಇಲ್ಲವೆ ಇಡಿಯಾಗಿ ತಳ್ಳಿಹಾಕುವ ಬಗೆಯವು. ಒಂದು ತಪ್ಪು ಸಿಕ್ಕಿತೆಂದು ಇಡೀ ಗ್ರಂಥವನ್ನು ಕಟ್ಟುಕಥೆ ಎನ್ನುವವರಿದ್ದಾರೆ. ಒಂದು ವಿವರ ಶಾಸನದಿಂದ ದೃಢಪಟ್ಟಿತೆಂದು ಉಳಿದುದನ್ನೆಲ್ಲ ದೃಢವೆಂದು ಎಣಿಸುವವರೂ ಇದ್ದಾರೆ. ಎರಡೂ ಪಕ್ಷಗಳು ಗ್ರಂಥವನ್ನು ತೂಗುತ್ತವೆಯೇ ಹೊರತು ಪ್ರಸಂಗವನ್ನು ತೂಗುವುದಿಲ್ಲ.

ಈ ಲೇಖನ ಒಂದೇ ಪ್ರಸಂಗವನ್ನು ಎತ್ತಿಕೊಂಡಿದೆ: ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಖಾನೇಷುಮಾರಿ. ಸಂದೇಹವಾದಿಗಳ ಆಕ್ಷೇಪಗಳಲ್ಲಿ ಅತ್ಯಂತ ಬಲವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ಲೂಕ ಹೇಳುವಂತೆ ಆ ಗಣತಿ ನಡೆದಿರುವುದು ಸಾಧ್ಯವಿಲ್ಲ ಎಂಬುದನ್ನು ಮೊದಲು ತೋರಿಸುತ್ತೇನೆ. ಅದನ್ನು ಒಪ್ಪಿದ ಮೇಲೆ ಕೈಗೆ ಸಿಗುವುದು ಶೂನ್ಯವಲ್ಲ, ಯೇಸು ನಜರೇತಿನವನೆಂಬ ಗಟ್ಟಿ ಸಂಗತಿ ಎಂಬುದು ಎರಡನೆಯ ವಾದ.

2. ಸಂದೇಹದ ಪರಂಪರೆ

ಸುವಾರ್ತೆಗಳ ಮೇಲಿನ ಸಂದೇಹ ಆಧುನಿಕರ ಆವಿಷ್ಕಾರವಲ್ಲ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲ್ಸಸ್ ಎಂಬ ತತ್ತ್ವಜ್ಞಾನಿ ಯೇಸುವಿನ ಜನನಕಥೆಯನ್ನೂ ವಂಶಾವಳಿಯನ್ನೂ ಗೇಲಿ ಮಾಡಿದ್ದ. ಅವನಿಗೆ ಉತ್ತರವಾಗಿ ಓರಿಗೆನ್ ಎಂಟು ಪುಸ್ತಕಗಳನ್ನು ಬರೆಯಬೇಕಾಯಿತು. ಮತ್ತಾಯ ಮತ್ತು ಲೂಕರ ವಂಶಾವಳಿಗಳು ಯೋಸೇಫನ ತಂದೆಯ ಹೆಸರಿನಲ್ಲೇ ಬೇರೆಯಾಗುವುದು ಕ್ರೈಸ್ತ ವಿದ್ವಾಂಸರಿಗೂ ತೊಡಕಾಗಿತ್ತು. ಒಬ್ಬನು ಹೆತ್ತ ತಂದೆ, ಇನ್ನೊಬ್ಬನು ನ್ಯಾಯಶಾಸ್ತ್ರದ ಪ್ರಕಾರ ತಂದೆ ಎಂದು ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಸಮಾಧಾನ ಹೇಳಿದ. ಕ್ರಿ.ಶ. 400ರ ಸುಮಾರಿಗೆ ಅಗಸ್ಟೀನ್ ನಾಲ್ಕು ಸುವಾರ್ತೆಗಳ ಸಾಮರಸ್ಯವನ್ನು ಸಾಧಿಸಲೆಂದೇ ಒಂದು ಗ್ರಂಥ ರಚಿಸಿದ.

ಆಧುನಿಕ ವಿಮರ್ಶೆ ಹ್ಯಾಂಬರ್ಗಿನ ಹೆರ್ಮನ್ ಸಾಮ್ಯುಯೆಲ್ ರೈಮಾರುಸನಿಂದ (1694–1768) ಮೊದಲಾಗುತ್ತದೆ. ಬದುಕಿದ್ದಾಗ ಆತ ಪ್ರಕಟಿಸಲು ಅಂಜಿದ ಬರಹಗಳನ್ನು ಲೆಸ್ಸಿಂಗ್ 1774ರಿಂದ 1778ರ ನಡುವೆ ಲೇಖಕನ ಹೆಸರಿಲ್ಲದೆ ಅಚ್ಚು ಹಾಕಿಸಿದ. ಶಿಷ್ಯರು ಬೇಕೆಂದೇ ವಂಚಿಸಿದರೆಂಬುದು ರೈಮಾರುಸನ ನಿಲುವು. ದಾವಿಡ್ ಫ್ರೀಡ್ರಿಕ್ ಸ್ಟ್ರೌಸ್ ಆ ಆರೋಪವನ್ನು ಕೈಬಿಟ್ಟ. 1835–36ರಲ್ಲಿ ಬಂದ ಅವನ 'ಯೇಸುವಿನ ಜೀವನ' ಈ ಕಥನಗಳನ್ನು ಪುರಾಣ ಎಂದು ಕರೆಯಿತು: ಯಾರೊಬ್ಬರ ಮೋಸವೂ ಇಲ್ಲದೆ, ಸಮುದಾಯವೊಂದು ತನ್ನ ಹಳೆಯ ಶಾಸ್ತ್ರದ ನಿರೀಕ್ಷೆಗಳನ್ನು ತನ್ನ ಗುರುವಿನ ಬದುಕಿನಲ್ಲಿ ಕಂಡುಕೊಂಡ ಬಗೆ. ಆ ಪುಸ್ತಕದಿಂದ ಸ್ಟ್ರೌಸ್ ತ್ಯೂಬಿಂಗೆನ್‌ನ ಹುದ್ದೆ ಕಳೆದುಕೊಂಡ. 1839ರಲ್ಲಿ ಜ್ಯೂರಿಕ್ ಅವನನ್ನು ಪ್ರಾಧ್ಯಾಪಕನಾಗಿ ಕರೆದಾಗ ಎದ್ದ ಪ್ರತಿಭಟನೆ ಕೊನೆಗೆ ಅಲ್ಲಿನ ಸರ್ಕಾರವನ್ನೇ ಉರುಳಿಸಿತು. ಬ್ರೂನೋ ಬೌವರ್ ಇನ್ನೂ ಮುಂದೆ ಹೋಗಿ ಯೇಸು ಎಂಬ ವ್ಯಕ್ತಿ ಇರಲೇ ಇಲ್ಲವೆಂದ. 1921ರಲ್ಲಿ ಬುಲ್ಟ್‌ಮನ್ ಸುವಾರ್ತೆಗಳನ್ನು ಬಿಡಿಬಿಡಿ ಮೌಖಿಕ ಘಟಕಗಳಾಗಿ ಒಡೆದು, ಅವುಗಳಲ್ಲಿ ಬಹುಪಾಲು ಆದಿಸಭೆಯ ಅಗತ್ಯಗಳಿಂದ ರೂಪುಗೊಂಡವೆಂದು ವಾದಿಸಿದ.

ಈ ವಾಗ್ವಾದಕ್ಕೂ ನಮ್ಮ ಕರಾವಳಿಗೂ ಒಂದು ನಂಟಿದೆ. ಮುಂದೆ ಮಲಯಾಳಂ ನಿಘಂಟುಕಾರನಾದ ಬಾಸೆಲ್ ಮಿಶನ್ನಿನ ಹೆರ್ಮನ್ ಗುಂಡರ್ಟ್ ಮೌಲ್‌ಬ್ರೋನ್‌ನಲ್ಲಿ ಸ್ಟ್ರೌಸನ ವಿದ್ಯಾರ್ಥಿಯಾಗಿದ್ದವನು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹೆರ್ಮನ್ ಮೋಗ್ಲಿಂಗನೂ ತ್ಯೂಬಿಂಗೆನ್‌ನಲ್ಲೇ ಓದಿದವನು. ಸುವಾರ್ತೆಯನ್ನು ಕೆನರಾ, ಮಲಬಾರುಗಳಿಗೆ ತಂದವರ ತಲೆಮಾರು ಸುವಾರ್ತೆಯ ಅತ್ಯಂತ ಕಟು ವಿಮರ್ಶಕನ ಆಸುಪಾಸಿನಲ್ಲೇ ಬೆಳೆದಿತ್ತು.

3. ಎರಡು ಜನನಕಥೆಗಳು

ನಾಲ್ಕು ಸುವಾರ್ತೆಗಳಲ್ಲಿ ಜನನಕಥೆ ಇರುವುದು ಎರಡರಲ್ಲಿ ಮಾತ್ರ. ಎಲ್ಲಕ್ಕಿಂತ ಹಳೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆಯಲ್ಲಿ ಯೇಸು ಪ್ರಾಯದವನಾಗಿಯೇ ನಜರೇತಿನಿಂದ ಬರುತ್ತಾನೆ. ಯೋಹಾನನೂ ಜನನವನ್ನು ವರ್ಣಿಸುವುದಿಲ್ಲ. ಸುವಾರ್ತೆಗಳಿಗಿಂತ ಮುಂಚೆ ಬರೆದ ಪೌಲ ಯೇಸುವನ್ನು ದಾವೀದನ ವಂಶದವನೆನ್ನುತ್ತಾನೆ, ಬೇತ್ಲೆಹೇಮಿನ ಹೆಸರೆತ್ತುವುದಿಲ್ಲ.

ಮತ್ತಾಯನಲ್ಲಿ ಯೋಸೇಫ, ಮರಿಯರು ಮೊದಲಿನಿಂದಲೂ ಬೇತ್ಲೆಹೇಮಿನವರಂತೆಯೇ ಕಾಣುತ್ತಾರೆ. ಜ್ಯೋತಿಷಿಗಳು ಅವರನ್ನು ಮನೆಯಲ್ಲಿ ಭೇಟಿಯಾಗುತ್ತಾರೆ. ಯೂದಾಯದ ಅರಸ ಹೆರೋದನ ಭಯದಿಂದ ಕುಟುಂಬ ಐಗುಪ್ತಕ್ಕೆ ಓಡುತ್ತದೆ. ಹಿಂದಿರುಗುವಾಗ ಯೂದಾಯದಲ್ಲಿ ಅವನ ಮಗ ಅರ್ಖೆಲಾಯ ಆಳುತ್ತಿರುವುದು ತಿಳಿದು ಗಲಿಲಾಯದ ನಜರೇತಿನಲ್ಲಿ ನೆಲೆಸುತ್ತದೆ. ಲೂಕನಲ್ಲಿ ದಿಕ್ಕು ತಿರುಗುಮುರುಗು. ಅಲ್ಲಿ ಅವರ ಊರು ನಜರೇತ್. ಬೇತ್ಲೆಹೇಮಿಗೆ ಹೋಗುವುದು ಖಾನೇಷುಮಾರಿಗಾಗಿ. ದೇವಾಲಯದ ವಿಧಿಗಳು ಮುಗಿದೊಡನೆ ಸ್ವಂತ ಊರಿಗೆ ಮರಳುತ್ತಾರೆ. ಐಗುಪ್ತಕ್ಕೆ ಅಲ್ಲಿ ಎಡೆಯೇ ಇಲ್ಲ.

ಈ ಭಾಗದ ಎಲ್ಲ ಆಕ್ಷೇಪಗಳಿಗೂ ಒಂದೇ ತೂಕವಿಲ್ಲ ಎಂಬುದನ್ನೂ ಗಮನಿಸಬೇಕು. ಹೆರೋದ ಬೇತ್ಲೆಹೇಮಿನ ಎಳೆಯ ಗಂಡುಮಕ್ಕಳನ್ನು ಕೊಲ್ಲಿಸಿದ್ದನ್ನು ಅವನ ಕ್ರೌರ್ಯಗಳನ್ನು ವಿಸ್ತಾರವಾಗಿ ಬರೆದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಹೇಳುವುದಿಲ್ಲ ಎಂಬುದು ಪ್ರಸಿದ್ಧ ಆಕ್ಷೇಪ. ಅದು ಮೌನವನ್ನು ಆಧರಿಸಿದ ವಾದ. ಸಣ್ಣ ಊರೊಂದರ ಕೆಲವೇ ಮಕ್ಕಳ ಸಾವು ಇತಿಹಾಸಕಾರನ ಕಣ್ಣಿಗೆ ಬೀಳದೆ ಹೋಗಿರಬಹುದು. ಖಾನೇಷುಮಾರಿಯ ವಿಷಯ ಹಾಗಲ್ಲ. ಇಲ್ಲಿ ಜೋಸೆಫಸ್ ಮೌನವಾಗಿಲ್ಲ.

4. ಗಣತಿಯ ಕಾಲ

ಕೈಸರ ಔಗುಸ್ತ ಲೋಕಕ್ಕೆಲ್ಲ ಖಾನೇಷುಮಾರಿಯ ಆಜ್ಞೆ ಹೊರಡಿಸಿದನೆಂದೂ ಆಗ ಕುರೇನ್ಯ ಸಿರಿಯದ ಅಧಿಪತಿಯಾಗಿದ್ದನೆಂದೂ ಲೂಕ ಹೇಳುತ್ತಾನೆ. ಕುರೇನ್ಯ, ಎಂದರೆ ಪುಬ್ಲಿಯಸ್ ಸುಲ್ಪಿಸಿಯಸ್ ಕ್ವಿರಿನಿಯಸ್, ಕ್ರಿ.ಪೂ. 12ರಲ್ಲಿ ಕಾನ್ಸಲ್ ಆಗಿದ್ದು ಕ್ರಿ.ಶ. 21ರಲ್ಲಿ ತೀರಿಕೊಂಡ ಗಣ್ಯ ರೋಮನ್. ಜೋಸೆಫಸ್ ಪ್ರಕಾರ ಅರ್ಖೆಲಾಯ ತನ್ನ ಆಳ್ವಿಕೆಯ ಹತ್ತನೆಯ ವರ್ಷದಲ್ಲಿ ಪದಚ್ಯುತನಾಗಿ ಗಾಲ್ ಪ್ರಾಂತಕ್ಕೆ ಗಡೀಪಾರಾದ. ಯೂದಾಯ ನೇರ ರೋಮನ್ ಆಡಳಿತಕ್ಕೆ ಸೇರಿತು. ಆಸ್ತಿ ಲೆಕ್ಕ ಹಾಕಿ ಕಂದಾಯ ಗೊತ್ತುಮಾಡಲು ಕುರೇನ್ಯ ಬಂದ. ಇದು ಆಕ್ಟಿಯಂ ಕದನವಾಗಿ 37ನೆಯ ವರ್ಷವೆಂದು ಜೋಸೆಫಸ್ ನಿರ್ದಿಷ್ಟವಾಗಿ ಹೇಳುವುದರಿಂದ ಕ್ರಿ.ಶ. 6–7 ಎಂಬ ಕಾಲ ಖಚಿತವಾಗುತ್ತದೆ.

ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಬಹುಜನ ವಿದ್ವಾಂಸರ ಮತ. ಅವನ ಮರಣವನ್ನು ಕ್ರಿ.ಪೂ. 1ಕ್ಕೆ ತರುವ ಯತ್ನಗಳೂ ನಡೆದಿವೆ. ಆದರೆ ಅವನ ಮಕ್ಕಳ ಆಳ್ವಿಕೆಯ ವರ್ಷಗಳು ಅದಕ್ಕೆ ಹೊಂದುವುದಿಲ್ಲ: ಅರ್ಖೆಲಾಯನ ಹತ್ತನೆಯ ವರ್ಷ ಕ್ರಿ.ಶ. 6ಕ್ಕೆ ಬೀಳಬೇಕು, ತಿಬೇರಿಯಸನ 20ನೆಯ ವರ್ಷದಲ್ಲಿ ಸತ್ತ ಫಿಲಿಪ್ಪನಿಗೆ 37 ವರ್ಷಗಳ ಆಳ್ವಿಕೆ ಸಲ್ಲಬೇಕು. ಎರಡು ಲೆಕ್ಕಗಳೂ ಕ್ರಿ.ಪೂ. 4ಕ್ಕೇ ಬಂದು ನಿಲ್ಲುತ್ತವೆ. ಮರಣ ಒಂದು ವೇಳೆ ಕ್ರಿ.ಪೂ. 1 ಎಂದೇ ಒಪ್ಪಿದರೂ ಕುರೇನ್ಯನ ಗಣತಿಗೆ ಇನ್ನೂ ವರ್ಷಗಳ ಅಂತರ ಉಳಿಯುತ್ತದೆ.

ಇದು ಮತ್ತಾಯನಿಗೂ ಲೂಕನಿಗೂ ನಡುವಿನ ವೈರುಧ್ಯವೆಂದು ಸಾಮಾನ್ಯವಾಗಿ ಹೇಳುತ್ತಾರೆ. ವೈರುಧ್ಯ ಲೂಕನೊಳಗೇ ಇದೆ. ಅವನ ಮೊದಲ ಅಧ್ಯಾಯದ ಘಟನೆಗಳು ಹೆರೋದನ ಕಾಲದಲ್ಲಿ ಆರಂಭವಾಗುತ್ತವೆ. ಎಲಿಸಬೇತಳಿಗೆ ಆರನೆಯ ತಿಂಗಳಾದಾಗ ಮರಿಯಳಿಗೆ ದೂತನ ಸಂದೇಶ ಬರುತ್ತದೆ. ಮೂರನೆಯ ಅಧ್ಯಾಯದಲ್ಲಿ ತಿಬೇರಿಯಸನ 15ನೆಯ ವರ್ಷದ, ಅಂದರೆ ಕ್ರಿ.ಶ. 28–29ರ, ಸುಮಾರಿಗೆ ಯೇಸುವಿಗೆ ಹೆಚ್ಚುಕಡಿಮೆ 30 ವರ್ಷ. ಇದು ಹೆರೋದನ ಕೊನೆಗಾಲದ ಜನನಕ್ಕೆ ಹೊಂದುತ್ತದೆ. ಕ್ರಿ.ಶ. 6ರಲ್ಲಿ ಹುಟ್ಟಿದ್ದರೆ ಆಗ ಅವನಿಗೆ 22 ವರ್ಷದ ಆಸುಪಾಸು. ಲೂಕನ ಉಳಿದ ಕಾಲಗಣನೆಯೇ ಅವನ ಖಾನೇಷುಮಾರಿಯ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಕಾಲದ ತೊಡಕಿಗೆ ಆಡಳಿತದ ತೊಡಕುಗಳೂ ಸೇರುತ್ತವೆ. ಔಗುಸ್ತ ತನ್ನ ಸಾಧನೆಗಳ ಶಾಸನದಲ್ಲಿ ಮೂರು ಗಣತಿಗಳನ್ನು, ಕ್ರಿ.ಪೂ. 28, ಕ್ರಿ.ಪೂ. 8 ಮತ್ತು ಕ್ರಿ.ಶ. 14ರವನ್ನು, ಹೇಳಿಕೊಂಡಿದ್ದಾನೆ. ಮೂರೂ ರೋಮನ್ ಪೌರರ ಗಣತಿಗಳು. ಲೋಕಕ್ಕೆಲ್ಲ ಅನ್ವಯಿಸಿದ ಏಕಕಾಲದ ಗಣತಿಗೆ ಆಧಾರವಿಲ್ಲ. ಕ್ರಿ.ಶ. 6ರಲ್ಲಿ ಗಲಿಲಾಯ ಹೆರೋದನ ಇನ್ನೊಬ್ಬ ಮಗ ಹೆರೋದ ಅಂತಿಪನ ಕೈಯಲ್ಲಿತ್ತು, ಆದ್ದರಿಂದ ನಜರೇತಿನ ಪ್ರಜೆ ಯೂದಾಯದ ಕಂದಾಯದ ಲೆಕ್ಕಕ್ಕೆ ಬರುವವನಲ್ಲ. ಸಾವಿರ ವರ್ಷದ ಹಿಂದಿನ ಪೂರ್ವಜನ ಊರಿಗೆ ಹೋಗಿ ಹೆಸರು ಬರೆಸಬೇಕೆಂಬ ನಿಯಮ ಕಂದಾಯ ವಸೂಲಿಯ ಉದ್ದೇಶಕ್ಕೇ ವಿರುದ್ಧ.

5. ಸಮನ್ವಯದ ದಾರಿಗಳು

ಲೂಕನನ್ನು ಸಮರ್ಥಿಸುವವರ ವಾದಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಲಿಯಂ ರಾಮ್ಸೇ 1898ರ ತನ್ನ ಗ್ರಂಥದಲ್ಲಿ ಕುರೇನ್ಯ ಹೆರೋದನ ಕಾಲದಲ್ಲೂ ಸಿರಿಯದಲ್ಲಿ ಅಧಿಕಾರದಲ್ಲಿದ್ದನೆಂದು ಸಾಧಿಸಲು ಹೊರಟ. ತಿವೋಲಿಯಲ್ಲಿ 1764ರಲ್ಲಿ ಸಿಕ್ಕ ಒಡೆದ ಶಾಸನವೊಂದು ಈ ಪಕ್ಷದ ಮುಖ್ಯ ಆಧಾರ. ಆದರೆ ಅದರಲ್ಲಿ ಅಧಿಕಾರಿಯ ಹೆಸರೇ ಉಳಿದಿಲ್ಲ. ಹೆರೋದನ ಕೊನೆಯ ವರ್ಷಗಳಲ್ಲಿ ಸಿರಿಯವನ್ನು ಆಳಿದವರು ಸೆಂಟಿಯಸ್ ಸತುರ್ನಿನಸ್, ಅವನ ನಂತರ ಕ್ವಿಂಕ್ಟಿಲಿಯಸ್ ವಾರಸ್ ಎಂಬುದು ಜೋಸೆಫಸನಿಂದ ತಿಳಿಯುತ್ತದೆ. ಕುತೂಹಲದ ಸಂಗತಿಯೆಂದರೆ ಕ್ರೈಸ್ತ ಲೇಖಕ ತೆರ್ತುಲ್ಲಿಯನನೇ ಗಣತಿಯನ್ನು ಸತುರ್ನಿನಸನ ಹೆಸರಿಗೆ ಸೇರಿಸಿದ್ದಾನೆ. ಸಿರಿಯದ ಅಪಮೇಯಾದಲ್ಲಿ ಕುರೇನ್ಯನ ಅಪ್ಪಣೆಯಂತೆ ನಡೆದ ಗಣತಿಯನ್ನು ಉಲ್ಲೇಖಿಸುವ ಇನ್ನೊಂದು ಶಾಸನ ವೆನಿಸ್‌ನಲ್ಲಿದೆ. ಖೋಟಾ ಎಂಬ ಶಂಕೆಗೆ ಒಳಗಾಗಿದ್ದ ಅದು 1880ರಲ್ಲಿ ಮೂಲಶಿಲೆಯ ಒಂದು ಭಾಗ ಸಿಕ್ಕಿದ್ದರಿಂದ ನಿಜವೆಂದು ತೀರ್ಮಾನವಾಯಿತು. ಅದು ಕುರೇನ್ಯ ಗಣತಿ ನಡೆಸಿದ್ದನ್ನು ದೃಢಪಡಿಸುತ್ತದೆ, ಹೆರೋದನ ಕಾಲದಲ್ಲಿ ನಡೆಸಿದ್ದನ್ನಲ್ಲ.

ಪ್ರಯಾಣದ ವಿಷಯಕ್ಕೆ ಕ್ರಿ.ಶ. 104ರ ಐಗುಪ್ತದ ಪಪೈರಸ್ ಒಂದನ್ನು ಮುಂದಿಡುತ್ತಾರೆ. ಪರಊರಿನಲ್ಲಿದ್ದವರು ಗಣತಿಗಾಗಿ ತಂತಮ್ಮ ಮನೆಗಳಿಗೆ ಮರಳಬೇಕೆಂದು ಅಲ್ಲಿನ ರಾಜ್ಯಪಾಲ ವಿಬಿಯಸ್ ಮ್ಯಾಕ್ಸಿಮಸ್ ಹೊರಡಿಸಿದ ಆಜ್ಞೆ ಅದು. ಅದು ಹೇಳುವುದು ವಾಸದ ಮನೆಯ ಮಾತು. ಲೂಕನ ಕಥೆಯಲ್ಲಿ ಯೋಸೇಫನ ವಾಸದ ಮನೆ ನಜರೇತಿನಲ್ಲಿದೆ. ಆ ಆಜ್ಞೆಯನ್ನು ಅನ್ವಯಿಸಿದರೆ ಅವನು ಬೇತ್ಲೆಹೇಮಿನಿಂದ ನಜರೇತಿಗೆ ಬರಬೇಕಿತ್ತು.

ಹಾಗೆಂದು ಲೂಕನನ್ನು ಎಲ್ಲೆಡೆ ಅಜ್ಞಾನಿ ಎನ್ನಲಾಗದು. ಅವನೇ ಬರೆದ 'ಅಪೊಸ್ತಲರ ಕೃತ್ಯಗಳು' ಥೆಸಲೋನಿಕದ ನಗರಾಧಿಕಾರಿಗಳಿಗೆ ಕೊಡುವ ವಿಶಿಷ್ಟ ಪದನಾಮ ಶಾಸನಗಳಲ್ಲೂ ಸಿಕ್ಕಿದೆ. ಗಲ್ಲಿಯೋ ಅಖಾಯದ ಅಧಿಪತಿಯಾಗಿದ್ದುದನ್ನು ಡೆಲ್ಫಿಯ ಶಾಸನ ಖಚಿತಪಡಿಸಿದೆ. ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಮಾತ್ರ ಗಮಲಿಯೇಲನ ಭಾಷಣ ಥೈದನ ದಂಗೆಯನ್ನು ಗಲಿಲಾಯದ ಯೂದನ ದಂಗೆಗಿಂತ ಮುಂಚಿನದೆನ್ನುತ್ತದೆ. ಜೋಸೆಫಸ್ ಪ್ರಕಾರ ಥೈದ ಎದ್ದದ್ದು ಯೂದನಾಗಿ ಸುಮಾರು ನಾಲ್ಕು ದಶಕಗಳ ಮೇಲೆ, ಆ ಭಾಷಣಕ್ಕೂ ಎಷ್ಟೋ ವರ್ಷಗಳ ನಂತರ. ತನ್ನ ಕಾಲಕ್ಕೆ ಹತ್ತಿರದ ಏಗಿಯನ್ ಪ್ರದೇಶದಲ್ಲಿ ನಿಖರನಾದ ಲೇಖಕ ಎರಡು ತಲೆಮಾರು ಹಿಂದಿನ ಯೂದಾಯದಲ್ಲಿ ಎಡವುತ್ತಾನೆ. ಲೇಖಕನೊಬ್ಬನ ನಂಬಲರ್ಹತೆ ಅವನ ಎಲ್ಲ ಪುಟಗಳಿಗೂ ಸಮನಾಗಿ ಹರಡಿರುವುದಿಲ್ಲ.

6. ಲೂಕನಿಗೆ ಗಣತಿ ಏಕೆ ಬೇಕಾಯಿತು?

ಗಲಿಲಾಯದ ಯೂದ ಬಂಡೆದ್ದದ್ದು ಕುರೇನ್ಯನ ಗಣತಿಯ ವಿರುದ್ಧವೇ. ಆ ಗಣತಿ ಯೆಹೂದ್ಯರ ನೆನಪಿನಲ್ಲಿ ರೋಮಿನ ದಾಸ್ಯಕ್ಕೂ ಅದರ ವಿರುದ್ಧದ ಪ್ರತಿರೋಧಕ್ಕೂ ಗುರುತಾಗಿ ಉಳಿದಿತ್ತು. ಗಲಿಲಾಯದ ಒಬ್ಬ ದಂಗೆಯೇಳುತ್ತಾನೆ; ಗಲಿಲಾಯದ ಇನ್ನೊಬ್ಬ, ಯೋಸೇಫ, ತುಂಬು ಗರ್ಭಿಣಿಯೊಡನೆ ಆಜ್ಞೆ ಪಾಲಿಸಲು ಹೊರಡುತ್ತಾನೆ. ಕೈಸರನಿಗೆ ತೆರಿಗೆ ಕೊಡಬೇಡಿರೆಂದು ಯೇಸು ಹೇಳುತ್ತಿದ್ದನೆಂಬ ಸುಳ್ಳು ಆರೋಪವನ್ನು ಪಿಲಾತನ ಮುಂದೆ ಮಂಡಿಸಿದ್ದನ್ನು ದಾಖಲಿಸುವ ಏಕೈಕ ಸುವಾರ್ತೆಕಾರನೂ ಲೂಕನೇ. ಈ ಎರಡನ್ನೂ ಒಟ್ಟಿಗಿಟ್ಟು ಓದಿದರೆ, ಯೇಸುವಿನ ಪಂಥ ರಾಜದ್ರೋಹದ್ದಲ್ಲ ಎಂಬ ಸಮರ್ಥನೆಗೆ ತೊಟ್ಟಿಲಿನಿಂದಲೇ ಅಡಿಪಾಯ ಹಾಕಲಾಗಿದೆ ಎಂದು ಊಹಿಸಬಹುದು. ಸ್ಟ್ರೌಸ್ ಹೇಳಿದ ಶಾಸ್ತ್ರದ ನಿರೀಕ್ಷೆಯ ಜತೆಗೆ ರಾಜಕೀಯ ಎಚ್ಚರವೂ ಈ ಕಥನವನ್ನು ರೂಪಿಸಿರಬಹುದು.

7. ನಜರೇತ್

ಬೇತ್ಲೆಹೇಮಿನ ವಿಷಯದಲ್ಲಿ ಎರಡು ಸ್ವತಂತ್ರ ಕಥನಗಳು ಒಮ್ಮತದಲ್ಲಿವೆಯಲ್ಲ ಎಂಬ ವಾದವಿದೆ. ಆದರೆ ಮೆಸ್ಸೀಯ ಆ ಊರಿನಿಂದ ಬರುವನೆಂಬ ಮೀಕನ ಪ್ರವಾದನೆ ಇಬ್ಬರಿಗೂ ಮುಂಚಿನದು, ಮತ್ತಾಯ ಅದನ್ನು ನೇರವಾಗಿ ಉದ್ಧರಿಸುತ್ತಾನೆ. ಒಂದೇ ಶಾಸ್ತ್ರವಾಕ್ಯದಿಂದ ಇಬ್ಬರು ಹೊರಟರೆ ಒಂದೇ ಊರಿಗೆ ತಲುಪುವುದು ಸಹಜ. ಅದು ಎರಡು ಸಾಕ್ಷ್ಯಗಳಾಗುವುದಿಲ್ಲ.

ಯೇಸು ಎಂಬ ಪಾತ್ರ ಪೂರ್ತಿ ಪ್ರವಾದನೆಗಳಿಂದ ಹೆಣೆದದ್ದಾಗಿದ್ದರೆ ಅವನನ್ನು ಬೇತ್ಲೆಹೇಮಿನವನನ್ನಾಗಿಯೇ ಮಾಡಿಬಿಡಬಹುದಿತ್ತು. ನಜರೇತಿಗೆ ಹಳೆಯ ಒಡಂಬಡಿಕೆಯಲ್ಲಿ ಹೆಸರೇ ಇಲ್ಲ, ಅದು ಯಾರ ನಿರೀಕ್ಷೆಯಲ್ಲೂ ಇದ್ದ ಊರಲ್ಲ. ಆದರೂ ಮತ್ತಾಯ ಅರ್ಖೆಲಾಯನ ಭಯವನ್ನು ತಂದು ಕುಟುಂಬವನ್ನು ಅಲ್ಲಿಗೆ ಸಾಗಿಸುತ್ತಾನೆ. ಅದಕ್ಕೆ ಆಧಾರವೆಂದು ಅವನು ಹೇಳುವ ಪ್ರವಾದನೆ ಹೀಬ್ರೂ ಶಾಸ್ತ್ರದಲ್ಲಿ ಆ ರೂಪದಲ್ಲಿ ಎಲ್ಲೂ ಸಿಗುವುದಿಲ್ಲ. ಲೂಕ ಒಂದು ಸಾಮ್ರಾಜ್ಯದ ಗಣತಿಯನ್ನೇ ನಡೆಸುತ್ತಾನೆ. ಯೋಹಾನನ ಏಳನೆಯ ಅಧ್ಯಾಯದಲ್ಲಿ ಗಲಿಲಾಯದವನು ಮೆಸ್ಸೀಯನಾಗುವುದು ಹೇಗೆಂದು ಜನ ಆಕ್ಷೇಪಿಸುತ್ತಾರೆ, ಅಲ್ಲಿ ಯಾರೂ ಅದಕ್ಕೆ ಉತ್ತರಿಸುವುದಿಲ್ಲ. ಇಬ್ಬರು ಲೇಖಕರು ಪರಸ್ಪರ ಹೊಂದದ ಎರಡು ದಾರಿಗಳಲ್ಲಿ ಇಷ್ಟು ಶ್ರಮಪಡಬೇಕಾದರೆ, ಅಳಿಸಲಾಗದಷ್ಟು ಪ್ರಸಿದ್ಧವಾದ ಸಂಗತಿಯೊಂದು ಅವರ ಮುಂದಿತ್ತು.

ನಜರೇತ್ ಎಂಬ ಊರೇ ಆಗ ಇರಲಿಲ್ಲವೆಂದು ಕೆಲವರು ವಾದಿಸಿದ್ದುಂಟು. ಕೈಸರೇಯಾದಲ್ಲಿ 1962ರಲ್ಲಿ ಸಿಕ್ಕ ಯಾಜಕ ವರ್ಗಗಳ ಹೀಬ್ರೂ ಶಾಸನದ ತುಣುಕಿನಲ್ಲಿ ಆ ಹೆಸರಿದೆ, ಅದು ಯೇಸುವಿಗೆ ಶತಮಾನಗಳ ಈಚಿನದು. 2009ರಲ್ಲಿ ಇಸ್ರೇಲ್ ಪುರಾತತ್ತ್ವ ಪ್ರಾಧಿಕಾರದ ಯಾರ್ಡೆನ್ನಾ ಅಲೆಗ್ಸಾಂಡ್ರೆ ಅಲ್ಲಿಯೇ ಆರಂಭಿಕ ರೋಮನ್ ಕಾಲದ ಮನೆಯೊಂದರ ಅವಶೇಷವನ್ನು ಹೊರತೆಗೆದ ಮೇಲೆ ಆ ವಾದಕ್ಕೆ ನೆಲೆ ಉಳಿದಿಲ್ಲ.

ಕಥನಕಾರನಿಗೆ ಮುಜುಗರ ತರುವ ಸಂಗತಿಯನ್ನು ನಿಜವೆಂದು ಎಣಿಸುವ ಈ ಮಾನದಂಡಕ್ಕೂ ಮಿತಿಗಳಿವೆ. ಅಂದು ಯಾವುದು ಮುಜುಗರ ತರುತ್ತಿತ್ತು ಎಂಬುದನ್ನು ನಾವು ಇಂದಿನಿಂದ ಊಹಿಸುತ್ತೇವೆ. ಲೇಖಕನ ಕೈಗೆ ಬಂದ ಪರಂಪರೆ ಹಳೆಯದೆಂದಷ್ಟೇ ಅದು ತೋರಿಸುತ್ತದೆ. ಆ ಪರಂಪರೆ ನಿಜವೆಂದು ತಾನೇ ಸಾಧಿಸುವುದಿಲ್ಲ. ನಜರೇತಿನ ವಿಷಯದಲ್ಲಿ ವಾದ ನಿಲ್ಲುವುದು ಮಾರ್ಕ ಮತ್ತು ಯೋಹಾನರು ಯಾವ ಸಮಜಾಯಿಷಿಯೂ ಇಲ್ಲದೆ ಅದನ್ನೇ ಹೇಳುವುದರಿಂದ.

8. ಉಪಸಂಹಾರ

ಖಾನೇಷುಮಾರಿಯ ಪ್ರಸಂಗದಿಂದ ಮೂರು ಬಗೆಯ ತೀರ್ಮಾನಗಳು ದೊರೆಯುತ್ತವೆ. ಹೆರೋದನ ಕಾಲದಲ್ಲಿ ಕುರೇನ್ಯನ ಗಣತಿ ನಡೆಯಿತೆಂಬುದು ಚರಿತ್ರೆಯಲ್ಲ. ಬೇತ್ಲೆಹೇಮಿನ ಜನನ ಸಾಧಿತವಲ್ಲ, ಶಾಸ್ತ್ರದಿಂದ ಹುಟ್ಟಿದ ನಂಬಿಕೆಯಾಗಿರುವ ಸಾಧ್ಯತೆ ಹೆಚ್ಚು. ಯೇಸು ನಜರೇತಿನವನು, ಹೆರೋದನ ಕೊನೆಗಾಲದ ಸುಮಾರಿಗೆ ಹುಟ್ಟಿದವನು ಎಂಬುದು ಪ್ರಾಚೀನ ಚರಿತ್ರೆಗೆ ಸಲ್ಲುವಷ್ಟು ಖಚಿತ. ಮೊದಲನೆಯದನ್ನು ಹಿಡಿದು ಬೌವರನಂತೆ ಮೂರನೆಯದನ್ನು ನಿರಾಕರಿಸುವುದೂ, ಮೂರನೆಯದನ್ನು ತೋರಿಸಿ ರಾಮ್ಸೇಯಂತೆ ಹೆರೋದನ ಕಾಲದ ಗಣತಿಯನ್ನು ಉಳಿಸಿಕೊಳ್ಳಲು ಹೆಣಗುವುದೂ ಒಂದೇ ದೋಷದ ಎರಡು ರೂಪಗಳು. ಮೂರನೆಯ ತೀರ್ಮಾನಕ್ಕೆ ಬಲ ಬಂದದ್ದು ಮೊದಲನೆಯದನ್ನು ಮುಲಾಜಿಲ್ಲದೆ ಒಪ್ಪಿಕೊಂಡದ್ದರಿಂದ: ಗಣತಿ ಕೃತಕವೆಂದು ಗೊತ್ತಾದಾಗಲೇ, ಆ ಕೃತಕತೆ ಯಾವ ಸತ್ಯವನ್ನು ಸುತ್ತಿ ಹೋಗಲು ಬೇಕಾಯಿತೆಂಬ ಪ್ರಶ್ನೆ ಹುಟ್ಟುತ್ತದೆ. ದೇವಾಲಯದ ಶುದ್ಧೀಕರಣ, ಶಿಲುಬೆಯ ದಿನ, ಪುನರುತ್ಥಾನದ ಕಥನಗಳು ಇವೆಲ್ಲವನ್ನೂ ಹೀಗೆಯೇ ಬೇರೆಬೇರೆಯಾಗಿ ತೂಗಬೇಕು. ಒಂದರಲ್ಲಿ ಬಂದ ಫಲವನ್ನು ಇನ್ನೊಂದಕ್ಕೆ ಸಾಲ ಕೊಡುವಂತಿಲ್ಲ.