ಸೂತ್ರಕ್ಕೊಬ್ಬ ಒಡೆಯ

ಕುಮಾರವ್ಯಾಸನು ಭಾರತವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದನಷ್ಟೆ. ಕಾವ್ಯ ಅವನದು, ಸರಿ; ಆ ಛಂದಸ್ಸೂ ತನ್ನ ಸೊತ್ತೆಂದು ಅವನು ಹೂಡಿದ್ದರೆ? ಅದೇ ಷಟ್ಪದಿಯಲ್ಲಿ ಬರೆದ ತೊರವೆ ರಾಮಾಯಣದ ಕವಿ ಸುಂಕ ತೆರಬೇಕಿತ್ತೆ? ನೀವು ನಗುವಿರಿ. ಆದರೆ ಅಮೆರಿಕದಲ್ಲಿ ಗಣಿತದ ಒಂದು ಕ್ರಮಕ್ಕೆ ಹೆಚ್ಚುಕಡಿಮೆ ಹೀಗೆಯೇ ಆಯಿತು. ಹದಿನೇಳು ವರ್ಷ ನಡೆದೂ ನಡೆಯಿತು.

ಹಳೆಯ ಗುಪ್ತಲಿಪಿಗಳಲ್ಲಿ ಬೀಗ ಹಾಕುವ ಕೀಲಿಯೇ ತೆಗೆಯುವ ಕೀಲಿ. ಅದನ್ನು ದೂರದ ಮಿತ್ರನಿಗೆ ಗುಟ್ಟಾಗಿ ತಲುಪಿಸುವುದೇ ಕಷ್ಟ. 1977ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಎರಡು ಕೀಲಿಗಳ ಕ್ರಮವೊಂದನ್ನು ಕಂಡುಹಿಡಿದರು. ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು. ತೆಗೆಯುವುದು ಒಡೆಯನಲ್ಲಿ ಮಾತ್ರ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಮತ್ತೆ ಬಿಡಿಸುವುದು ಬಹು ಕಷ್ಟ. ಗುಟ್ಟೆಲ್ಲ ಇದರಲ್ಲಿದೆ. ಮೂವರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. (ಬ್ರಿಟನ್ನಿನ ಸರಕಾರಿ ಗುಪ್ತಲಿಪಿ ಕಚೇರಿಯಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬಾತ 1973ರಲ್ಲೇ ಇದನ್ನು ಕಂಡಿದ್ದನು. ಪಾಪ, ಬಾಯಿ ಬಿಡುವಂತಿರಲಿಲ್ಲ. ಲೋಕಕ್ಕೆ ತಿಳಿದದ್ದು 1997ರಲ್ಲಿ.)

1983ರ ಸೆಪ್ಟೆಂಬರಿನಲ್ಲಿ ಈ ಕ್ರಮಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. ಅರ್ಜಿ ಹಾಕುವ ಮೊದಲೇ ವಿಷಯವು ಅಚ್ಚಾಗಿ ಹೊರಬಿದ್ದಿದ್ದರಿಂದ ಬೇರೆ ದೇಶಗಳಲ್ಲಿ ಹಕ್ಕು ಹುಟ್ಟಲಿಲ್ಲ. ಕಡಲಿನ ಆಚೆ ದಡದಲ್ಲಿ ಸುಂಕ, ಈಚೆ ದಡದಲ್ಲಿ ಧರ್ಮಛತ್ರ!

1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬ ಅಮೆರಿಕನ್ನನು, ಸಾಮಾನ್ಯರ ಕಾಗದಕ್ಕೂ ಲಕೋಟೆ ಬೇಡವೆ ಎಂದು, ಪಿಜಿಪಿ ಎಂಬ ಕಂಪ್ಯೂಟರು ತಂತ್ರಾಂಶವನ್ನು ಉಚಿತವಾಗಿ ಹಂಚಿದನು. ಅದರೊಳಗೆ ಆರ್‌ಎಸ್‌ಎ ಇತ್ತು, ಲೈಸೆನ್ಸು ಇರಲಿಲ್ಲ. ವ್ಯಾಜ್ಯವೆದ್ದಿತು. 1994ರಲ್ಲಿ ರಾಜಿಯಾಗಿ ಅಮೆರಿಕದ ಒಳಗೆ ಒಂದು ಆವೃತ್ತಿ, ಅದೂ ಲಾಭಕ್ಕಲ್ಲದ ಬಳಕೆಗೆ, ಹೊರಗೆ ಇನ್ನೊಂದು.

ಮುಕ್ತ ತಂತ್ರಾಂಶದವರಿಗೆ ತೊಡಕಾದದ್ದು ಇಲ್ಲಿಯೇ. ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂಬುದು ಅವರ ನಿಯಮ. ತಾನು ಬರೆದುದರ ಕೃತಿಸ್ವಾಮ್ಯವನ್ನು ಒಬ್ಬನು ಹೀಗೆ ದಾನ ಮಾಡಬಹುದು. ಪರರ ಪೇಟೆಂಟನ್ನು ದಾನ ಮಾಡಲಾದೀತೆ? "ವ್ಯಾಪಾರಕ್ಕೆ ಬಳಸದಿದ್ದರೆ ಉಚಿತ" ಎಂಬ ಔದಾರ್ಯವೂ ಅವರಿಗೆ ಸಲ್ಲದು. ಸ್ವಿಟ್ಜರ್ಲೆಂಡಿನ ಅಸ್ಕಾಂ ಕಂಪೆನಿಯ ಐಡಿಯಾ ಎಂಬ ಗುಪ್ತಲಿಪಿಗೆ ಅಂಥ ಷರತ್ತೇ ಇತ್ತು. ಆದ್ದರಿಂದ ಜರ್ಮನಿಯ ವರ್ನರ್ ಕಾಖ್ ಗ್ನೂಪಿಜಿ ಎಂಬ ಮುಕ್ತ ತಂತ್ರಾಂಶವನ್ನು ಕಟ್ಟುವಾಗ ಎರಡನ್ನೂ ಕೈಬಿಟ್ಟನು. ಡಿಫಿ ಮತ್ತು ಹೆಲ್‌ಮನ್‌ರ ಪೇಟೆಂಟು 1997ರಲ್ಲಿ ತೀರಿತ್ತು. ಆ ಜಾಡಿನ ಎಲ್‌ಗಮಾಲ್ ಕ್ರಮವನ್ನು ಹಿಡಿದನು. ಮೊದಲ ಪೂರ್ಣ ಆವೃತ್ತಿ 1999ರ ಸೆಪ್ಟೆಂಬರಿನಲ್ಲಿ ಬಂತು. ಸುತ್ತುದಾರಿಯಾದರೂ ಪ್ರಾಮಾಣಿಕ ದಾರಿ.

ಒಂದು ವರ್ಷ ಕಳೆದು, 2000ದ ಸೆಪ್ಟೆಂಬರ್ 6ರಂದು, ಅವಧಿಗೆ ಇನ್ನೆರಡು ವಾರವಿರುವಾಗ, ಆರ್‌ಎಸ್‌ಎ ಕಂಪೆನಿ ತನ್ನ ಹಕ್ಕನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಮುಳುಗುವ ಸೂರ್ಯನಿಗೆ ಅರ್ಘ್ಯ! ಅಷ್ಟರಲ್ಲಿ ಅಮೆರಿಕದ ಸರಕಾರವೂ ಪಾಠ ಕಲಿತಿತ್ತು. ಹೊಸ ಗುಪ್ತಲಿಪಿಗಾಗಿ 1997ರಲ್ಲಿ ಸ್ಪರ್ಧೆ ಕರೆದಾಗ, ಗೆದ್ದ ಕ್ರಮವು ಜಗತ್ತಿಗೆಲ್ಲ ರಾಯಧನವಿಲ್ಲದೆ ದೊರೆಯಬೇಕೆಂದು ಮೊದಲೇ ವಿಧಿಸಿತು. ಬೆಲ್ಜಿಯಮಿನ ಡಾಮೆನ್ ಮತ್ತು ರೈಮನ್‌ರ ಕ್ರಮ ಗೆದ್ದು 2001ರಲ್ಲಿ ಮಾನಕವಾಯಿತು. ಐಡಿಯಾದ ಕೊನೆಯ ಪೇಟೆಂಟು 2012ರಲ್ಲಿ ತೀರಿದಾಗ ಗ್ನೂಪಿಜಿಯವರು ಅದನ್ನೂ ಒಳಗೆ ಸೇರಿಸಿಕೊಂಡರು, ಹಳೆಯ ಕಾಗದಗಳನ್ನು ಬಿಡಿಸಿ ಓದುವವರ ಸಲುವಾಗಿ.