ಸತ್ತವರ ಬಟ್ಟೆ ಮತ್ತು ಕೌದಿ

ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರು ಎಲ್ಲಿರಬೇಕು, ಯಾವುದರಲ್ಲಿ ಉಣ್ಣಬೇಕು, ಏನು ಉಡಬೇಕು ಅಂತ ಬರೆದಿಟ್ಟಿದ್ದಾರೆ. ಊರ ಹೊರಗಿರಬೇಕು. ಒಡೆದ ಪಾತ್ರೆಯಲ್ಲಿ ಉಣ್ಣಬೇಕು. ಸತ್ತವರ ಬಟ್ಟೆ ಉಡಬೇಕು. ಈ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಸುಟ್ಟರು. ಪುಸ್ತಕ ಬೂದಿಯಾಯಿತು, ಬಟ್ಟೆಯ ಕಟ್ಟಳೆ ಬೂದಿಯಾಗಲಿಲ್ಲ. ಹಬ್ಬ ಬಂದಾಗ ಧಣಿಗಳ ಹಿತ್ತಲ ಬಾಗಿಲಲ್ಲಿ ನಿಂತು, ಮೇಲಿಂದ ಎಸೆದ ಹರಕು ಸೀರೆಗೆ, ಬಣ್ಣ ಹೋದ ಪಂಚೆಗೆ ಸೆರಗೊಡ್ಡಿದ ತಾಯಂದಿರ ಮಕ್ಕಳು ನಾವು. ದುಡಿದದ್ದಕ್ಕೆ ಕೊಡಬೇಕಾದ ಕೂಲಿಯನ್ನು ಹಳೇ ಬಟ್ಟೆಯಲ್ಲಿ ಮುಗಿಸಿ ಅದಕ್ಕೆ ಉಪಕಾರ ಅಂತ ಹೆಸರು ಬೇರೆ ಇಟ್ಟರು.

ಆ ಹರಕು ಗುಡಿಸಲಿಗೆ ಬಂದ ಮೇಲೆ ಏನಾಯಿತು ಅನ್ನೋದು ಯಾವ ಶಾಸ್ತ್ರದಲ್ಲೂ ಇಲ್ಲ, ನಾವು ಶಾಲೆಯಲ್ಲಿ ಉರುಹೊಡೆದ ಇತಿಹಾಸದಲ್ಲೂ ಇಲ್ಲ. ಅವ್ವಂದಿರು ಅದನ್ನು ಒಗೆದು ಒಣಗಿಸಿ, ಗಟ್ಟಿ ಇರೋ ಕಡೆ ನೋಡಿ ಹರಿದು, ಪದರದ ಮೇಲೆ ಪದರ ಹಾಸಿ, ದಪ್ಪ ಸೂಜಿಯಲ್ಲಿ ಅಂಚಿನಿಂದ ನಡುವಿನ ತನಕ ಸಾಲು ಹೊಲಿಗೆ ಹಾಕಿದರು. ಅದೇ ಕೌದಿ. ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನ, ಕೂಲಿ ಸಿಗದ ದಿನ ಹೊಲಿದದ್ದು. ಬಾಣಂತಿ ಮಗಳಿಗೆ ಒಂದು, ಹುಟ್ಟಲಿರೋ ಕೂಸಿನ ತೊಟ್ಟಿಲಿಗೆ ಒಂದು, ಗಂಡನ ಮನೆಗೆ ಹೋಗೋ ತಂಗಿಗೆ ಒಂದು. ಚೂರು ಉಳಿದರೆ ಕೂಸಿಗೆ ಕುಲಾವಿ, ಕುಂಚಿಗೆ. ಅಂಗಡಿಯಿಂದ ತಂದು ಕೊಡೋಕೆ ಕಾಸಿಲ್ಲದವರ ಮನೆಯಲ್ಲಿ ಉಡುಗೊರೆ ಅನ್ನೋದಿದ್ದರೆ ಅದು ಇದೇ. ಕೂಸು ಹೊದ್ದ ಕೌದಿಯಲ್ಲಿ ಅಜ್ಜಿಯ ಸೀರೆ ಇರುತ್ತಿತ್ತು, ಸತ್ತುಹೋದ ಮಾವನ ರುಮಾಲು ಇರುತ್ತಿತ್ತು, ಧಣಿಯ ಮನೆಯಿಂದ ಬಂದ ತುಂಡೂ ಇರುತ್ತಿತ್ತು. ಹೊಲಿದ ಮೇಲೆ ಯಾವುದು ಯಾರದು ಅಂತ ಅವಳೊಬ್ಬಳಿಗೇ ಗೊತ್ತು.

ಇದರ ಚರಿತ್ರೆ ಬರೆಯೋಣ ಅಂತ ಕೂತರೆ ನಮ್ಮ ಕೈಗೆ ದಾಖಲೆ ಸಿಗೋಲ್ಲ. ಕೌದಿ ಸವೆದು ಹೋಗುತ್ತೆ. ಸವೆದದ್ದು ಇನ್ನೊಂದು ಕೌದಿಯ ಒಳಪದರವಾಗುತ್ತೆ, ಅದೂ ಸವೆದರೆ ಒಲೆ ಒರೆಸುವ ಮಸಿಬಟ್ಟೆ. ಹೊಲಿದವಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ, ಆಕೆಗೆ ಬರೆಯಲು ಯಾರೂ ಕಲಿಸಲಿಲ್ಲ. ಆದ್ದರಿಂದ ನಾವು ಸ್ವಲ್ಪ ದೂರದಿಂದ ಬರಬೇಕಾಗಿದೆ. ನಮ್ಮ ಹಾಗೇ ಚಿಂದಿಯಿಂದ ಕೌದಿ ಹೊಲಿದ ಇನ್ನೊಂದು ಜನ ಇದ್ದಾರೆ. ಅವರ ಕೌದಿಗಳಲ್ಲಿ ಕೆಲವಕ್ಕೆ ಹೆಸರೂ ಉಳಿದಿದೆ, ಇಸವಿಯೂ ಉಳಿದಿದೆ.

ಅಮೆರಿಕದ ದಕ್ಷಿಣದಲ್ಲಿ ಅಲಬಾಮ ರಾಜ್ಯ. ಅಲ್ಲಿ ಅಲಬಾಮ ನದಿ ಹಾವಿನ ಹಾಗೆ ಸುತ್ತಿಕೊಳ್ಳುವ ಒಂದು ತಿರುವಿನಲ್ಲಿ ಜೀಸ್ ಬೆಂಡ್ ಅನ್ನೋ ಊರು. ಮೂರು ಕಡೆ ಹೊಳೆ. 1816ರಲ್ಲಿ ಜೋಸೆಫ್ ಜೀ ಅನ್ನುವ ಬಿಳಿಯ ಗುಲಾಮರನ್ನು ಕರೆತಂದು ಇಲ್ಲಿ ಹತ್ತಿ ತೋಟ ಹಾಕಿದ. ಊರಿಗೆ ಅವನದೇ ಹೆಸರು. 1845ರಲ್ಲಿ ಸಾಲದ ಲೆಕ್ಕದಲ್ಲಿ ತೋಟ ಮಾರ್ಕ್ ಪೆಟ್‌ವೇ ಅನ್ನುವವನ ಪಾಲಾಯಿತು. ಮರುವರ್ಷ ಅವನು ತನ್ನ ಸಂಸಾರ ಸಮೇತ ಉತ್ತರ ಕೆರೊಲಿನದಿಂದ ಹೊರಟು ಬಂದ. ಅವನ ಸುಮಾರು ನೂರು ಮಂದಿ ಗುಲಾಮರು ಅಷ್ಟು ದೂರ ಕಾಲ್ನಡಿಗೆಯಲ್ಲಿ ಬಂದರು. ಆ ನಡೆದು ಬಂದವರ ಮಕ್ಕಳು ಮೊಮ್ಮಕ್ಕಳಲ್ಲಿ ಬಹಳ ಮಂದಿಗೆ ಇವತ್ತಿಗೂ ಪೆಟ್‌ವೇ ಅಂತಲೇ ಹೆಸರು. ಯಜಮಾನನ ಹೆಸರೇ ಕುಲದ ಹೆಸರಾಗಿ ಅಂಟಿಕೊಂಡಿದೆ. ಜೀತದ ಮನೆಯ ಹೆಸರಿನಿಂದಲೇ ಗುರುತಿಸಿಕೊಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು. ಹೊಲ ಮಾತ್ರ ಬಿಳಿಯರದೇ. ಕರಿಯರು ಗೇಣಿದಾರರಾದರು. ಬೀಜ, ಗೊಬ್ಬರ, ಹಿಟ್ಟು ಎಲ್ಲ ಸಾಲ. ಹತ್ತಿ ಬಂದಾಗ ತೀರಿಸಬೇಕು, ತೀರೋದಿಲ್ಲ, ಯಾಕೆಂದರೆ ಲೆಕ್ಕದ ಪುಸ್ತಕ ಸಾಹುಕಾರನ ಕೈಲಿ. 1932ರಲ್ಲಿ ಹೊಳೆಯಾಚೆಯ ಕ್ಯಾಮ್ಡೆನ್ ಪೇಟೆಯಲ್ಲಿ ಇವರಿಗೆ ಸಾಲ ಕೊಡುತ್ತಿದ್ದ ವರ್ತಕ ಸತ್ತ. ಹತ್ತಿ ಬೆಲೆ ನೆಲಕಚ್ಚಿದ್ದ ಕಾಲ. ಅವನ ಮನೆಯವರು ವಸೂಲಿಗೆ ಜನ ಕಳಿಸಿ ಸುಮಾರು ಅರವತ್ತು ಕುಟುಂಬಗಳ ದನ, ಹೇಸರಗತ್ತೆ, ನೇಗಿಲು, ಬಂಡಿ, ಕಣಜದ ಜೋಳ, ಗೆಣಸು ಎಲ್ಲ ಹೇರಿಕೊಂಡು ಹೋದರು. ಆ ಚಳಿಗಾಲ ರೆಡ್‌ಕ್ರಾಸಿನವರ ಹಿಟ್ಟಿನ ಮೇಲೆ ಜನ ಜೀವ ಹಿಡಿದರು.

ಈ ಮನೆಗಳ ಗೋಡೆ ಮರದ ಹಲಗೆಯದು, ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಗೋಡೆಗೆ ಹಳೇ ಪತ್ರಿಕೆ ಅಂಟಿಸುತ್ತಿದ್ದರು, ಮಕ್ಕಳ ಮೇಲೆ ಕೌದಿಯ ಮೇಲೆ ಕೌದಿ ಹೊದಿಸುತ್ತಿದ್ದರು. ಮೇಲುಹಾಸಿಗೆ ಸವೆದ ಕೆಲಸದ ಬಟ್ಟೆ, ಅಡಿಹಾಸಿಗೆ ಹಿಟ್ಟಿನ ಚೀಲ, ಗೊಬ್ಬರದ ಚೀಲ. ನಡುವೆ ತುಂಬಲು ಅರಳೆ ಬೇಕಲ್ಲ, ಅದಕ್ಕೆ ಜಿನ್ನಿನ ನೆಲದಲ್ಲಿ ಬಿದ್ದ ಕಸದ ಹತ್ತಿಯನ್ನು ಗುಡಿಸಿ ತಂದು ಕೋಲಿನಿಂದ ಬಡಿದು ಧೂಳು ಬಿಡಿಸುತ್ತಿದ್ದರು. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಬಿತ್ತಿದವರು ಅವರು, ಕಳೆ ತೆಗೆದವರು ಅವರು, ಬೆರಳು ಸೀಳಿಕೊಂಡು ಹತ್ತಿ ಬಿಡಿಸಿದವರು ಅವರು. ತಮ್ಮ ಕೂಸಿನ ಹೊದಿಕೆಗೆ ಅವರಿಗೆ ದಕ್ಕಿದ್ದು ಗುಡಿಸಿದ ಕಸ.

ಮೇಲುಹಾಸಿನ ತುಂಡುಗಳನ್ನು ಒಬ್ಬೊಬ್ಬಳೂ ತನ್ನ ಮನೆಯಲ್ಲಿ ತನಗೆ ತೋಚಿದ ಹಾಗೆ ಜೋಡಿಸುತ್ತಿದ್ದಳು. ಮನೆ ಮಾಡಿನ ಹಾಗೆ ಚೌಕದೊಳಗೆ ಚೌಕ ಇಡೋದಕ್ಕೊಂದು ಹೆಸರು, ಇಟ್ಟಿಗೆ ಪೇರಿಸಿದ ಹಾಗೆ ಇಡೋದಕ್ಕೊಂದು ಹೆಸರು, ಉದ್ದ ಪಟ್ಟಿಗಳನ್ನು ಸುಮ್ಮನೆ ಕೂಡಿಸಿದರೆ ಅದಕ್ಕೆ 'ಸೋಮಾರಿ ಹುಡುಗಿ' ಅಂತ ತಮಾಷೆಯ ಹೆಸರು. ಪದರ ಕೂಡಿಸಿ ಹೊಲಿಯುವಾಗ ಮಾತ್ರ ನಾಕಾರು ಹೆಂಗಸರು ಚೌಕಟ್ಟಿನ ಸುತ್ತ ಕೂತು ಹಾಡಿಕೊಂಡು ಹೊಲಿಯುತ್ತಿದ್ದರು. ಇವತ್ತು ನಿಂದು, ನಾಳೆ ನಂದು. ನಮ್ಮಲ್ಲಿ ಮುಯ್ಯಾಳು ಅಂತಾರಲ್ಲ, ಹಾಗೆ.

1942ರಲ್ಲಿ ಈ ಊರಿನ ಮಿಸೌರಿ ಪೆಟ್‌ವೇ ಅನ್ನುವಾಕೆಯ ಗಂಡ ತೀರಿಕೊಂಡ. ಮನೆಯಲ್ಲಿ ಉಳಿದದ್ದು ಅವನ ಕೆಲಸದ ಬಟ್ಟೆ. ಮೊಣಕಾಲಲ್ಲಿ ಬಣ್ಣ ಹೋದ ಚಲ್ಲಣ, ಬೆನ್ನಲ್ಲಿ ಬೆವರಿಗೆ ಮಾಸಿದ ಅಂಗಿ. ಆಕೆ ಹರೆಯದ ಮಗಳು ಆರ್ಲೊಂಜಿಯಳನ್ನು ಜೊತೆಗೆ ಕೂರಿಸಿಕೊಂಡು ಅವನ್ನೆಲ್ಲ ಬಿಚ್ಚಿ ಕೌದಿ ಹೊಲಿದಳು. ಅವನ ನೆನಪಿಗೆ, ಅದರಡಿ ಮಲಗುವುದಕ್ಕೆ. ಮಗಳು ಮುಂದೆ ಮುದುಕಿಯಾದಾಗ ಇದನ್ನು ಹೇಳಿದ್ದರಿಂದ ನಮಗೆ ಗೊತ್ತಾಯಿತು. ಆ ಕೌದಿ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನೀಲಿ, ಬೂದು, ಅಲ್ಲೊಂದು ಇಲ್ಲೊಂದು ಕೆಂಪು. ಜೇಬು ಬಿಚ್ಚಿದ ಕಡೆ ಬಿಸಿಲು ತಾಗದ ಕಡುನೀಲಿ ಹಾಗೇ ಉಳಿಯುವುದು ಇಂಥ ಕೌದಿಗಳ ಗುರುತು.

ಸತ್ತವರ ಬಟ್ಟೆಯನ್ನು ಮನು ಶಿಕ್ಷೆಯಾಗಿ ಬರೆದ. ಅದೇ ಸತ್ತವನ ಬಟ್ಟೆಯನ್ನು ಈ ತಾಯಿ ಏನು ಮಾಡಿದಳು ನೋಡಿ. ಎರಡರ ನಡುವೆ ಇರೋದು ಒಂದು ಸೂಜಿ ಮತ್ತು, ಯಾರದು ಅಂತ ತಿಳಿದು ಹೊಲಿದ ಮನಸ್ಸು. ಇದನ್ನು ಹೇಳುವಾಗ ನಮಗೊಂದು ಭಯವೂ ಇದೆ. ಬಡತನವನ್ನು ಚೆಂದ ಮಾಡಿ ತೋರಿಸುವ ಕಸುಬಿನವರು ಬೇಕಾದಷ್ಟು ಜನ ಇದ್ದಾರೆ. ಗುಲಾಮರು ಓಡಿಹೋಗುವ ದಾರಿಯನ್ನು ಕೌದಿಯ ಚಿತ್ತಾರದಲ್ಲಿ ಗುಪ್ತ ಸಂಕೇತವಾಗಿ ಹೊಲಿಯುತ್ತಿದ್ದರು ಅಂತ 1999ರಲ್ಲಿ ಬಂದ ಒಂದು ಪುಸ್ತಕ ಹೇಳಿತು. ಕಥೆ ಎಲ್ಲ ಕಡೆ ಹಬ್ಬಿತು. ಅದಕ್ಕೆ ಆಧಾರವಿಲ್ಲ ಅಂತ ಚರಿತ್ರಕಾರರು ತೋರಿಸಿಕೊಟ್ಟರು. ನಮಗೆ ಅಂಥ ಕಟ್ಟುಕಥೆ ಬೇಡ. ಚಳಿಗೆ ಹೊಲಿದರು, ತಮ್ಮವರಿಗೆ ಹೊಲಿದರು ಅನ್ನೋದೇ ಸಾಕಷ್ಟು ದೊಡ್ಡ ಮಾತು.

ಮುಂದಿನದು ರಾಜಕೀಯ. 1930ರ ದಶಕದ ಕೊನೆಗೆ ಸರ್ಕಾರ ಈ ತೋಟದ ನೆಲ ಕೊಂಡಿತು. 1940ರ ದಶಕದಲ್ಲಿ ಕಡಿಮೆ ಬಡ್ಡಿ ಸಾಲದ ಮೇಲೆ ಅದನ್ನು ಗೇಣಿದಾರರಿಗೇ ಮಾರಿತು. ನೆಲ ಕೈಗೆ ಬಂದದ್ದು ಏನು ಮಾಡಿತು ಅನ್ನೋದು ಇಪ್ಪತ್ತು ವರ್ಷದ ಮೇಲೆ ಗೊತ್ತಾಯಿತು. ವಿಲ್ಕಾಕ್ಸ್ ಕೌಂಟಿಯ ಜನರಲ್ಲಿ ಮುಕ್ಕಾಲು ಪಾಲು ಕರಿಯರು, ಆದರೂ 1965ರ ಹೊಸ್ತಿಲಲ್ಲಿ ಮತದಾರರ ಪಟ್ಟಿಯಲ್ಲಿ ಒಬ್ಬ ಕರಿಯನ ಹೆಸರೂ ಇರಲಿಲ್ಲ. 1963ರಲ್ಲಿ ಜೀಸ್ ಬೆಂಡಿನವರು ಹೆಸರು ಬರೆಸಲು ಕ್ಯಾಮ್ಡೆನ್‌ಗೆ ಹೋದರು. ಹೊಳೆ ದಾಟಿಸುವ ದೋಣಿಯನ್ನು 1962ರಲ್ಲೇ ನಿಲ್ಲಿಸಲಾಗಿತ್ತು. ಕಣ್ಣಿಗೆ ಕಾಣುವ ಪೇಟೆಗೆ ಒಂದು ತಾಸಿನ ಸುತ್ತುದಾರಿ. ಆ ದೋಣಿ ಮತ್ತೆ ಬಂದದ್ದು 2006ರಲ್ಲಿ. ನಲವತ್ತನಾಲ್ಕು ವರ್ಷ! 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಳೆಯಲ್ಲಿ ಈ ಊರಿಗೆ ಬಂದು ಮಾತಾಡಿದ. ಅದೇ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಸುತ್ತಮುತ್ತ ಬಿಳಿಯರ ನೆಲದಲ್ಲಿದ್ದ ಗೇಣಿದಾರರು ಹೆಸರು ಬರೆಸಿದ್ದಕ್ಕೆ ಮನೆಮಠ ಕಳೆದುಕೊಂಡು ಬೀದಿಗೆ ಬಿದ್ದರು. ಜೀಸ್ ಬೆಂಡಿನವರನ್ನು ಹಾಗೆ ಎಬ್ಬಿಸೋಕೆ ಆಗಲಿಲ್ಲ, ನೆಲ ಅವರದಾಗಿತ್ತು.

ಆಗ ಅಲ್ಲಿಗೆ ಬಂದಿದ್ದ ಫ್ರಾನ್ಸಿಸ್ ವಾಲ್ಟರ್ ಅನ್ನುವ ಪಾದ್ರಿ ತಂತಿಯ ಮೇಲೆ ಒಣಹಾಕಿದ ಕೌದಿಗಳನ್ನು ಕಂಡು ಒಂದಕ್ಕೆ 10 ಡಾಲರಿನಂತೆ ಕೊಂಡು ನ್ಯೂಯಾರ್ಕಿನಲ್ಲಿ ಹರಾಜಿಗೆ ಇಟ್ಟ. 1966ರ ಮಾರ್ಚಿಯಲ್ಲಿ ಹೆಂಗಸರು ತಮ್ಮದೇ ಸಹಕಾರ ಸಂಘ ಕಟ್ಟಿದರು, ಹೆಸರು 'ಫ್ರೀಡಂ ಕ್ವಿಲ್ಟಿಂಗ್ ಬೀ'. ಸ್ವಾತಂತ್ರ್ಯದ ಕೌದಿ ಕೂಟ ಅನ್ನೋಣ. ಎಸ್ಟೆಲ್ ವಿದರ್‌ಸ್ಪೂನ್ ಅನ್ನುವಾಕೆ ಬಹುಕಾಲ ಅದನ್ನು ನಡೆಸಿದಳು. ಸಂಘ ನೆಲ ಕೊಂಡು 1969ರಲ್ಲಿ ಹೊಲಿಗೆ ಮನೆ ಕಟ್ಟಿತು, ಬೀದಿಗೆ ಬಿದ್ದ ಕೆಲವು ಕುಟುಂಬಗಳಿಗೆ ಅದೇ ನೆಲದಲ್ಲಿ ಜಾಗ ಮಾರಿತು. ಹೊಲಿಗೆಯ ಕಾಸಿನಿಂದ ನೆಲ, ನೆಲದಿಂದ ಓಟು. ನಮ್ಮ ಭೂಮಿ ಹೋರಾಟದ ಗೆಳೆಯರು ಇದನ್ನು ಬರೆದಿಟ್ಟುಕೊಳ್ಳಲಿ.

ದೊಡ್ಡ ಅಂಗಡಿಗಳ ಆರ್ಡರು ಬಂದಾಗ ಕಷ್ಟವೂ ಬಂತು. ಅವರಿಗೆ ಎಲ್ಲವೂ ಒಂದೇ ಅಳತೆ, ಒಂದೇ ನಮೂನೆ ಬೇಕು. ತೋಚಿದ ಹಾಗೆ ಹೊಲಿದ ಕೈಗಳು ಕೊಟ್ಟ ನಮೂನೆ ಹೊಲಿಯಬೇಕಾಯಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬುಗವಸು ಹೊಲಿಯುವ ಕೆಲಸ ಹಿಡಿದರು. ಹಗಲು ದಿಂಬುಗವಸು. ಉಳಿದ ಚೂರನ್ನು ಮನೆಗೆ ತಂದು ಮಕ್ಕಳಿಗೆ, ನೆರೆಯವರಿಗೆ ತಮಗೆ ಬೇಕಾದ ಹಾಗೆ ಕೌದಿ. ಮಾರಾಟದ್ದು ಬೇರೆ, ಉಡುಗೊರೆಯದು ಬೇರೆ ಅನ್ನೋ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

2002ರಲ್ಲಿ ಈ ಕೌದಿಗಳು ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಗೋಡೆ ಏರಿದವು. ಆಧುನಿಕ ಚಿತ್ರಕಲೆಗೆ ಸಮ ಅಂತ ಪಂಡಿತರು ಹೊಗಳಿದರು. 2006ರಲ್ಲಿ ಅಂಚೆಚೀಟಿಗಳೂ ಬಂದವು. 2007ರಲ್ಲಿ, ಕೌದಿಗಳನ್ನು ಕೊಂಡು ಲೋಕಕ್ಕೆ ತೋರಿಸಿದ ಸಂಗ್ರಾಹಕ ವಿಲಿಯಂ ಆರ್ನೆಟ್ ಮತ್ತವನ ಕಡೆಯವರ ಮೇಲೆ ಆನಿ ಮೇ ಯಂಗ್, ಲೊರೆಟ್ಟ ಪೆಟ್‌ವೇ ಮೊದಲಾದವರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ದಾವೆ ಹೂಡಿದರು. ಅವರು ಆರೋಪ ಒಪ್ಪಲಿಲ್ಲ. ಮರುವರ್ಷ ರಾಜಿಯಾಯಿತು. ಯಾರು ಸರಿ ಅಂತ ನಾವು ತೀರ್ಪು ಕೊಡೋಲ್ಲ. ಆದರೆ ಕೌದಿ ಗೋಡೆ ಏರಿದಾಗ ಹೊಲಿದವಳ ಪಾಲೆಷ್ಟು ಅಂತ ಕೇಳಬೇಕು ಅನ್ನೋದನ್ನು ಆ ಮುದುಕಿಯರು ಕಲಿಸಿದರು.

ಇಷ್ಟು ದೂರದ ಕಥೆ ನಮಗ್ಯಾಕೆ ಅಂದರೆ, ಇದು ದೂರದ್ದಲ್ಲ. ವಿಲ್ಕಾಕ್ಸಿನ ಮಗ್ಗುಲ ಕೌಂಟಿ ಲೌಂಡ್ಸ್. ಅಲ್ಲಿಯ ಕರಿಯರು 1965-66ರಲ್ಲಿ ತಮ್ಮ ಪಕ್ಷಕ್ಕೆ ಇಟ್ಟುಕೊಂಡ ಗುರುತು ಕಪ್ಪು ಚಿರತೆ. ಆ ಚಿರತೆಯನ್ನೇ 1966ರಲ್ಲಿ ಓಕ್ಲೆಂಡಿನ ಬ್ಲ್ಯಾಕ್ ಪ್ಯಾಂಥರ್ಸ್ ತೆಗೆದುಕೊಂಡರು, ಅವರಿಂದ 1972ರಲ್ಲಿ ಮುಂಬಯಿಯ ದಲಿತ್ ಪ್ಯಾಂಥರ್ಸ್ ಹೆಸರು ಪಡೆದರು. ಚಿರತೆಯನ್ನು ನಾವು ಕಂಡೆವು, ಪೋಸ್ಟರಿನಲ್ಲಿ ಬರೆದೆವು. ಅದರ ಪಕ್ಕದ ಊರಲ್ಲೇ ಹೊಲಿಯುತ್ತಿದ್ದ ಹೆಂಗಸರನ್ನು ಕಾಣಲಿಲ್ಲ. ನಮ್ಮ ಕರಪತ್ರಗಳನ್ನು ರಾತ್ರಿಯೆಲ್ಲ ಕೂತು ಬರೆದಾಗ ಹೆಗಲ ಮೇಲೆ ಹೊದ್ದಿದ್ದದ್ದು ಅವ್ವ ಹೊಲಿದ ಕೌದಿ. ಕರಪತ್ರದಲ್ಲಿ ಅವ್ವನ ಮಾತು ಬರಲಿಲ್ಲ. ಇದು ನಮ್ಮ ಚಳವಳಿಯ ತಪ್ಪು, ಒಪ್ಪಿಕೊಳ್ಳೋಣ.

ಇನ್ನೂ ಹತ್ತಿರದ್ದೊಂದು ಇದೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದ ಜನರಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ನಮ್ಮ ಉತ್ತರ ಕನ್ನಡದ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಇದ್ದಾರೆ. ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಸಿದ್ದಿ ಹೆಂಗಸರು ಹಳೇ ಸೀರೆಯಿಂದ ಹೊಲಿಯುವ ಕೌದಿಗೆ 'ಕವಂದ್' ಅಂತಾರೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೊಲಿಯೋದು. ಹೆನ್ರಿ ಡ್ರೂವಲ್ ಅನ್ನುವ ಅಮೆರಿಕದ ವಿದ್ವಾಂಸ 2000ದ ದಶಕದಲ್ಲಿ ಬಂದು ಇವನ್ನು ಅಭ್ಯಾಸ ಮಾಡಿ ಹೊರಗೆ ಪ್ರದರ್ಶನ ಮಾಡಿಸಿದರು. ಧಾರವಾಡದಿಂದ ಎರಡು ತಾಸಿನ ದಾರಿ, ನಮಗೆ ಅವನ್ನು ತೋರಿಸಲು ಅಷ್ಟು ದೂರದಿಂದ ಬರಬೇಕಾಯಿತು. ಆಫ್ರಿಕದಿಂದಲೇ ಬಂದ ಹೊಲಿಗೆಯೋ, ಇಲ್ಲಿಯ ನೆರೆಯವರ ಕೌದಿ ನೋಡಿ ಕಲಿತದ್ದೋ, ಎರಡೂ ಕೂಡಿದ್ದೋ ಎಂದು ಹಟ ಹಿಡಿದು ವಾದಿಸುವುದು ನಮಗೆ ಮುಖ್ಯವಲ್ಲ. ಕವಂದಿನ ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಪುಟ್ಟ ಹೂವು ಹೊಲಿಯುತ್ತಾರೆ, 'ಫೂಲ' ಅಂತಾರೆ. ಅದು ಇಲ್ಲದ ಕವಂದ್ ಬೆತ್ತಲೆ ಅನ್ನೋದು ಅವರ ಲೆಕ್ಕ.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ಒಂದು ಕೋರಿಕೆ. ಈ ಬೇಸಿಗೆಯಲ್ಲಿ ಮಕ್ಕಳನ್ನು ಅವರವರ ಅಜ್ಜಿಯ ಹತ್ತಿರ ಕಳಿಸಿ. ಮನೆಯಲ್ಲಿರೋ ಕೌದಿಯನ್ನು ಬಿಚ್ಚಿ ಹಾಸಿ, ಒಂದೊಂದು ತುಂಡಿನ ಮೇಲೆ ಬೆರಳಿಟ್ಟು, ಇದು ಯಾರ ಸೀರೆ, ಎಲ್ಲಿಂದ ಬಂತು, ಯಾರಿಗೆ ಅಂತ ಹೊಲಿದದ್ದು, ಯಾವ ವರ್ಷ ಅಂತ ಕೇಳಿ ಬರೆಯಲಿ. ಅಜ್ಜಿಗೆ ಇಸವಿ ಗೊತ್ತಿರೋಲ್ಲ, ಬರ ಬಿದ್ದ ವರ್ಷ, ದೊಡ್ಡವಳ ಬಾಣಂತನದ ವರ್ಷ ಅಂತಾಳೆ. ಹಾಗೇ ಬರೆಯಲಿ. ಮೊದಲ ಸಾಲಿನಲ್ಲಿ ಅವಳ ಹೆಸರಿರಲಿ.